ಹಳೇ ಕಂಪ್ಯೂಟರನ್ನು ಗುಜರಿಗೆ ಕೊಡುವ ಮುಂಚೆ

ಕೊಪ್ಪ, ಶೃಂಗೇರಿ, ಎನ್‌.ಆರ್‌. ಪುರ ತಾಲ್ಲೂಕುಗಳ ಬಂಧುಗಳೇ,

ಮಕ್ಕಳ ಓದಿಗೆಂದು ಅಡಿಕೆ ಮಾರಿದ ದುಡ್ಡಿನಲ್ಲಿ ತಂದ ಕಂಪ್ಯೂಟರ್ ನಮ್ಮ ಕಡೆಯ ಎಷ್ಟೋ ಮನೆಗಳಲ್ಲಿ ಈಗ ಬಟ್ಟೆ ಹೊದ್ದು ಮೂಲೆಯಲ್ಲಿ ಕೂತಿದೆ. ಮಕ್ಕಳು ಬೆಂಗಳೂರು ಸೇರಿದರು. ಆನ್ ಮಾಡಿದರೆ ಕಾಫಿ ಕುಡಿದು ಬರುವಷ್ಟು ಹೊತ್ತು ಸುತ್ತುತ್ತದೆ, ಆಮೇಲೆ ಹ್ಯಾಂಗ್ ಆಗುತ್ತದೆ. ಸಾಲದ್ದಕ್ಕೆ 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಉಚಿತ ಬೆಂಬಲ ನಿಂತಿತು. ಅಂದಿನಿಂದ ‘ನಿಮ್ಮ ಕಂಪ್ಯೂಟರ್ ಕಥೆ ಮುಗೀತು, ಹೊಸದು ತಗೊಳ್ಳಿ’ ಅನ್ನುವ ಮಾತು ಕಿಗ್ಗದಿಂದ ಬಾಳೆಹೊನ್ನೂರಿನವರೆಗೆ ಓಡಾಡುತ್ತಿದೆ. ದಯವಿಟ್ಟು ಆ ಮಾತು ನಂಬಿ ಅದನ್ನು ಗುಜರಿಗೆ ಕೊಡಬೇಡಿ. ಬಹುತೇಕ ಯಂತ್ರಗಳು ಸತ್ತಿಲ್ಲ. ಕೊಳೆ ಮತ್ತು ಕಸ ತುಂಬಿಕೊಂಡು ಉಸಿರು ಕಟ್ಟಿದೆ, ಅಷ್ಟೇ.

ಮೊದಲು ಪ್ಲಗ್ ಕಿತ್ತು, ಸ್ವಲ್ಪ ಹೊತ್ತು ಬಿಟ್ಟು, ಸಿಪಿಯು ಡಬ್ಬದ ಪಕ್ಕದ ಮುಚ್ಚಳ ಬಿಚ್ಚಿ ನೋಡಿ. ಒಲೆಯ ಹೊಗೆ, ಸಿಪ್ಪೆಗೋಟಿನ ಧೂಳು, ಮಳೆಗಾಲದ ತೇವ ಮೂರೂ ಸೇರಿ ಫ್ಯಾನಿನ ಕೆಳಗೆ ಕಂಬಳಿಯಂಥ ಪದರ ಕಟ್ಟಿರುತ್ತದೆ. ಹಲ್ಲಿ ಮೊಟ್ಟೆಯೂ ಇದ್ದೀತು, ಇರುವೆ ಗೂಡೂ ಇದ್ದೀತು. ಒಳಗಿನ ಬಿಸಿ ಹೊರಹೋಗದಿದ್ದರೆ ಪ್ರೊಸೆಸರ್ ತನ್ನನ್ನು ಕಾಪಾಡಿಕೊಳ್ಳಲು ತಾನೇ ವೇಗ ತಗ್ಗಿಸಿಕೊಳ್ಳುತ್ತದೆ. ನಾವು ಅದಕ್ಕೆ ‘ವೈರಸ್’ ಅನ್ನುತ್ತೇವೆ. ಒಣಗಿದ ಪೇಂಟ್ ಬ್ರಶ್ಶು, ಗಾಳಿ ಊದುವ ಬ್ಲೋವರ್ ಸಾಕು. ಊದುವಾಗ ಫ್ಯಾನ್ ಗಿರಗಿರ ತಿರುಗದಂತೆ ಬೆರಳಿನಲ್ಲಿ ಹಿಡಿದಿರಬೇಕು. ಒದ್ದೆ ಬಟ್ಟೆ ಮಾತ್ರ ಒಳಗೆ ಬೇಡವೇ ಬೇಡ. ಆನ್ ಮಾಡಿದಾಗಲೆಲ್ಲ ತಾರೀಖು ಯಾವುದೋ ಹಳೇ ವರ್ಷಕ್ಕೆ ಹೋಗುತ್ತಿದ್ದರೆ, ಮದರ್‌ಬೋರ್ಡಿನ ಮೇಲಿರುವ ನಾಣ್ಯದಂಥ ಸಿಆರ್ 2032 ಬ್ಯಾಟರಿ ಮುಗಿದಿದೆ ಎಂದರ್ಥ. ತಾರೀಖು ತಪ್ಪಿದರೆ ಬ್ಯಾಂಕಿನ ವೆಬ್‌ಸೈಟೂ ತೆರೆಯುವುದಿಲ್ಲ, ಪಹಣಿಯದೂ ತೆರೆಯುವುದಿಲ್ಲ. ಆ ಚಿಕ್ಕ ಬ್ಯಾಟರಿಗೋಸ್ಕರ ಇಡೀ ಕಂಪ್ಯೂಟರನ್ನೇ ಕೆಟ್ಟಿದೆ ಎಂದು ಬದಿಗಿಟ್ಟ ಮನೆಗಳಿವೆ.

ಇನ್ನು ರೀಸೆಟ್. ವಿಂಡೋಸ್‌ನ ಸೆಟ್ಟಿಂಗ್ಸ್‌ನಲ್ಲಿ ರಿಕವರಿ ಎಂಬಲ್ಲಿ ‘ರೀಸೆಟ್ ದಿಸ್ ಪಿಸಿ’ ಇದೆ. ಅದು ವಿಂಡೋಸನ್ನು ಹೊಸದಾಗಿ ಕೂರಿಸುತ್ತದೆ. ಆದರೆ ನಾನು ಕೈಮುಗಿದು ಕೇಳಿಕೊಳ್ಳುವುದು ಆ ಗುಂಡಿ ಒತ್ತುವ ಮುಂಚಿನ ಕೆಲಸದ ಬಗ್ಗೆ. ನಮ್ಮ ಹಿರಿಯರು ಬರೆದದ್ದನ್ನೆಲ್ಲ ಡೆಸ್ಕ್‌ಟಾಪಿನ ಮೇಲೇ ಇಡುತ್ತಾರೆ. ಡೆಸ್ಕ್‌ಟಾಪ್ ಎನ್ನುವುದು ಸಾಮಾನ್ಯವಾಗಿ ಸಿ ಡ್ರೈವ್‌ನ ಒಳಗಿನ ಒಂದು ಫೋಲ್ಡರ್. ‘ಸಿ ಒಂದನ್ನೇ ಫಾರ್ಮ್ಯಾಟ್ ಮಾಡಿದ್ದು, ಡಿ ಹಾಗೇ ಇದೆ’ ಎಂದು ಅಂಗಡಿಯಲ್ಲಿ ಹೇಳುವ ಹೊತ್ತಿಗೆ ಮನೆತನದ ವಂಶಾವಳಿ, ತೋಟದ ಲೆಕ್ಕ, ಭಜನೆ ಪುಸ್ತಕ, ಯಾರೋ ಕೂತು ಟೈಪ್ ಮಾಡಿದ ಯಕ್ಷಗಾನ ಪ್ರಸಂಗ ಎಲ್ಲ ಹೋಗಿರುತ್ತದೆ. ವಿಂಡೋಸನ್ನು ಯಾವಾಗ ಬೇಕಾದರೂ ಮತ್ತೆ ಹಾಕಿಕೊಳ್ಳಬಹುದು. ಅವನ್ನು ಎಲ್ಲಿಂದ ತರೋಣ?

ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್, ಡೌನ್‌ಲೋಡ್ಸ್, ಪಿಕ್ಚರ್ಸ್ ನಾಲ್ಕನ್ನೂ ಹೊರಗಿನ ಹಾರ್ಡ್ ಡಿಸ್ಕಿಗೆ ನಕಲು ಮಾಡಿ, ಬೇರೆ ಕಂಪ್ಯೂಟರಿನಲ್ಲಿ ತೆರೆದು ನೋಡಿದ ಮೇಲೆಯೇ ಮುಂದಿನ ಮಾತು. ಫೈಲುಗಳನ್ನು ಉಳಿಸುವ ‘ಕೀಪ್ ಮೈ ಫೈಲ್ಸ್’ ಆಯ್ಕೆ ಇದೆ, ನಿಜ. ಆದರೂ ನಾವಾಗಿ ಹಾಕಿಕೊಂಡ ತಂತ್ರಾಂಶಗಳು ಹೋಗುತ್ತವೆ. ಅವುಗಳ ಜೊತೆ ಕನ್ನಡ ಟೈಪ್ ಮಾಡುವ ತಂತ್ರಾಂಶಗಳಾದ ‘ನುಡಿ’, ‘ಬರಹ’ವೂ ಹೋಗುತ್ತವೆ.

ನುಡಿಯ ಸಂಗತಿ ಸ್ವಲ್ಪ ಬಿಡಿಸಿ ಹೇಳಬೇಕು. ಯುನಿಕೋಡ್ ಬಳಕೆಗೆ ಬರುವ ಮುಂಚೆ ನುಡಿ, ಬರಹಗಳಲ್ಲಿ ಬರೆದ ಕನ್ನಡ ಆಯಾ ಫಾಂಟ್ ಇದ್ದರಷ್ಟೇ ಕನ್ನಡವಾಗಿ ಕಾಣುತ್ತದೆ. ರೀಸೆಟ್ ಆದ ಮೇಲೆ ಆ ಫೈಲ್ ತೆರೆದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ. ಫೈಲ್ ಕೆಟ್ಟುಹೋಯಿತೆಂದು ಅಳಿಸಿಬಿಡುವವರಿದ್ದಾರೆ. ಅಳಿಸಬೇಡಿ, ಅದು ಕೆಟ್ಟಿಲ್ಲ. ನುಡಿಯನ್ನು ಮತ್ತೆ ಹಾಕಿಕೊಂಡರೆ ಅಕ್ಷರ ಮರಳಿ ಬರುತ್ತದೆ. ಜೊತೆಗೇ ಬರುವ ಪರಿವರ್ತಕದಲ್ಲಿ ಒಮ್ಮೆ ಯುನಿಕೋಡ್‌ಗೆ ಬದಲಿಸಿಕೊಂಡರೆ ಮುಂದೆ ಮೊಬೈಲಿನಲ್ಲೂ ಓದಬಹುದು. ಅಂದಹಾಗೆ ನಮ್ಮ ಹೊಳೆಯ ಹೆಸರಿನ ‘ತುಂಗಾ’ ಫಾಂಟ್ ವಿಂಡೋಸ್ 10ರಲ್ಲಿ ತಾನಾಗಿ ಬರುವುದಿಲ್ಲ. ಆಪ್ಷನಲ್ ಫೀಚರ್ಸ್‌ನಲ್ಲಿ ಕನ್ನಡದ ಹೆಚ್ಚುವರಿ ಫಾಂಟುಗಳನ್ನು ಸೇರಿಸಿಕೊಳ್ಳಬೇಕು.

ರೀಸೆಟ್ ಮಾಡುವ ದಿನವನ್ನೂ ನೋಡಿಕೊಳ್ಳಿ. ಆಷಾಢದ ಗಾಳಿಮಳೆಯಲ್ಲಿ ಬೇಡ. ನಡುವೆ ಕರೆಂಟು ಹೋದರೆ ವಿಂಡೋಸ್ ಅರ್ಧಕ್ಕೆ ನಿಂತು, ಕಂಪ್ಯೂಟರ್ ಏಳದೆಯೇ ಇರಬಹುದು. ಡೆಸ್ಕ್‌ಟಾಪ್ ಆದರೆ ಯುಪಿಎಸ್ ಇರಲಿ, ಲ್ಯಾಪ್‌ಟಾಪ್ ಆದರೆ ಚಾರ್ಜ್ ತುಂಬಿರಲಿ, ಚಾರ್ಜರೂ ಹಾಕಿರಲಿ. ‘ಕ್ಲೌಡ್ ಡೌನ್‌ಲೋಡ್’ ಆರಿಸಿದರೆ ನಾಲ್ಕು ಜಿಬಿಗೂ ಹೆಚ್ಚು ಎಳೆದೀತು. ನೆಟ್ ಸರಿಯಿಲ್ಲದ ಹಳ್ಳಿಗಳಲ್ಲಿ ‘ಲೋಕಲ್ ರೀಇನ್‌ಸ್ಟಾಲ್’ ಸಾಕು. ಗುಡುಗು ಕೇಳಿಸಿದ ಕೂಡಲೇ ಕರೆಂಟಿನ ಪ್ಲಗ್ಗಿನ ಜೊತೆ ಮೋಡೆಮ್ಮಿನ ಪ್ಲಗ್ಗನ್ನೂ ಕೀಳಿ.

ವಿಂಡೋಸ್ 11 ಈ ಹಳೆಯವಕ್ಕೆ ಹಿಡಿಸುವುದಿಲ್ಲವಲ್ಲ ಎಂದು ಕೇಳುತ್ತೀರಿ. ಹೌದು, ಅದಕ್ಕೆ ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆ ಬೇಕು, ಇಂಟೆಲ್ ಆದರೆ ಸಾಮಾನ್ಯವಾಗಿ ಎಂಟನೇ ಅಥವಾ ಅದರ ನಂತರದ ತಲೆಮಾರಿನ ಪ್ರೊಸೆಸರ್ ಬೇಕು. ವಿಂಡೋಸ್ 10ರಲ್ಲೇ ಇರುವವರು ನೋಂದಾಯಿಸಿಕೊಂಡರೆ 2026ರ ಅಕ್ಟೋಬರ್‌ವರೆಗೆ ಭದ್ರತೆಯ ಅಪ್‌ಡೇಟ್ ಸಿಗುತ್ತದೆ. ಅದಾದ ಮೇಲೂ ದಾರಿಯಿದೆ. ವಿಂಡೋಸ್ ಬದಲು ಹಾಕಿಕೊಳ್ಳಬಹುದಾದ ಲಿನಕ್ಸ್ ಮಿಂಟ್ ಉಚಿತ, ನಾಲ್ಕು ಜಿಬಿ ರ‍್ಯಾಮ್‌ನಲ್ಲಿ ಹಾಯಾಗಿ ನಡೆಯುತ್ತದೆ, ಕನ್ನಡ ಟೈಪಿಂಗ್ ಇದೆ, ಪತ್ರ-ಲೆಕ್ಕಕ್ಕೆ ಲಿಬ್ರೆ ಆಫೀಸ್ ಇದೆ. ಹಳೇ ಹಾರ್ಡ್ ಡಿಸ್ಕ್ ತೆಗೆದು 240 ಜಿಬಿಯ ಒಂದು ಎಸ್‌ಎಸ್‌ಡಿ ಹಾಕಿಸಿಕೊಂಡರಂತೂ ವ್ಯತ್ಯಾಸ ಕಣ್ಣಿಗೇ ಕಾಣುತ್ತದೆ. ಖರ್ಚು ಮಾಡುವುದಿದ್ದರೆ ಮೊದಲು ಇದಕ್ಕೆ ಮಾಡಿ ಎನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಬೆಂಗಳೂರಿನಲ್ಲಿರುವ ಮಕ್ಕಳೇ, ಹಬ್ಬಕ್ಕೆ ಬಂದಾಗ ಒಂದು ಮಧ್ಯಾಹ್ನ ಇದಕ್ಕೆ ಕೊಡಿ. ಅಪ್ಪ ಅಮ್ಮನನ್ನು ಪಕ್ಕದಲ್ಲಿ ಕೂರಿಸಿಕೊಂಡು, ಒಂದೊಂದು ಫೋಲ್ಡರ್ ತೆರೆದು, ‘ಇದು ಬೇಕಾ?’ ಎಂದು ಅವರನ್ನೇ ಕೇಳಿ. ನಿಮಗೆ ಕಸ ಅನ್ನಿಸಿದ್ದು ಅವರಿಗೆ ಕಸವಾಗಿರಲಿಕ್ಕಿಲ್ಲ. ಸರಿಪಡಿಸಿದ ಯಂತ್ರ ನಿಮಗೆ ಬೇಡವಾದರೆ, ‘ರಿಮೂವ್ ಎವೆರಿಥಿಂಗ್’ ಆರಿಸಿ, ಡ್ರೈವನ್ನು ಪೂರ್ತಿ ಒರೆಸುವ ಆಯ್ಕೆಯನ್ನೂ ಹಾಕಿ, ಹತ್ತಿರದ ಶಾಲೆಯ ಮೇಷ್ಟ್ರಿಗೆ ಬೇಕೇ ಎಂದು ಕೇಳಿ ನೋಡಿ.

ನಿಜವಾಗಿಯೂ ಸತ್ತಿದ್ದರೆ, ಹಾರ್ಡ್ ಡಿಸ್ಕ್ ಬಿಚ್ಚಿ ಇಟ್ಟುಕೊಂಡು ಉಳಿದದ್ದನ್ನು ಇ-ತ್ಯಾಜ್ಯ ಪಡೆಯುವ ಅಧಿಕೃತರಿಗೇ ಕೊಡಿ. ಬರೀ ಡಿಲೀಟ್ ಮಾಡಿದ ಆಧಾರ್, ಪಾಸ್‌ಬುಕ್ಕಿನ ಸ್ಕ್ಯಾನುಗಳನ್ನು ಗೊತ್ತಿದ್ದವರು ಮತ್ತೆ ತೆಗೆಯಬಲ್ಲರು. ಹಳೇ ದಪ್ಪ ಮಾನಿಟರಿನ ಗಾಜಿನಲ್ಲಿ ಸೀಸವಿದೆ. ರಸ್ತೆ ತಿರುವಿನಲ್ಲಿ ಹಳ್ಳಕ್ಕೆ ಉರುಳಿಸಿದ್ದು ತುಂಗೆಗೋ ಭದ್ರೆಗೋ ಸೇರುತ್ತದೆ, ಕೆಳಗಿನ ಊರುಗಳು ಕುಡಿಯುವುದು ಅದೇ ನೀರು.

ಕೊನೆಯದಾಗಿ, ನಮ್ಮ ಪೇಟೆಗಳ ಕಂಪ್ಯೂಟರ್ ಅಂಗಡಿಯ ಹುಡುಗರಲ್ಲಿ ಒಂದು ಬೇಡಿಕೆ. ಫಾರ್ಮ್ಯಾಟಿಗೆ ಕೈ ಹಾಕುವ ಮುಂಚೆ ತಂದವರನ್ನು ನಿಲ್ಲಿಸಿ, ‘ಡೆಸ್ಕ್‌ಟಾಪಿನಲ್ಲಿ ಏನೇನಿದೆ, ನುಡಿ ಫೈಲ್ ಇದೆಯಾ?’ ಎಂದು ಕೇಳಿ. ಬ್ಯಾಕಪ್ ತೆಗೆದದ್ದಕ್ಕೆ ಬೇರೆಯಾಗಿ ಹಣ ಪಡೆಯಿರಿ, ನಾವು ಕೊಡುತ್ತೇವೆ.