ಐಪಿ ಅಡ್ರೆಸ್ ನೋಡಿ ಊರು ತೀರ್ಮಾನಿಸಬೇಡಿ

ಕೆರಳಿಸುವ ಪೋಸ್ಟ್ ಒಂದು ಬಂದ ಕೂಡಲೇ ಅದರ ಹಿಂದೆಯೇ ಒಂದು ಸ್ಕ್ರೀನ್‌ಶಾಟ್ ಬರುತ್ತದೆ: ‘ಐಪಿ ಸಿಕ್ಕಿದೆ, ಇಂಥ ಊರಿನವನೇ’. ಇದನ್ನು ನಂಬಬೇಡಿ ಎಂಬುದು ನಮ್ಮ ಮಾತು.

ಮೊದಲನೆಯದಾಗಿ, ಫೇಸ್‌ಬುಕ್ ಪೋಸ್ಟ್ ಹಾಕಿದವರ ಐಪಿ ನಮ್ಮ ನಿಮ್ಮಂಥ ಓದುಗರಿಗೆ ಕಾಣುವುದೇ ಇಲ್ಲ. ಎಲ್ಲಿಂದಲೋ ಐಪಿ ಸಿಕ್ಕಿತೆಂದರೂ, ಅದನ್ನು ಹುಡುಕುವ ವೆಬ್‌ಸೈಟುಗಳು ಹೇಳುವುದು ಎರಡೇ ಸಂಗತಿ: ಯಾವ ಕಂಪನಿಯ ನೆಟ್‌ವರ್ಕ್, ಸುಮಾರಾಗಿ ಯಾವ ನಗರ. ಕಂಪನಿಯ ಹೆಸರು ಬಹುತೇಕ ಸರಿ ಇರುತ್ತದೆ. ನಗರ ಬರೀ ಅಂದಾಜು.

ಬಸ್ಸಿನ ಮೇಲೆ ಬರೆದ ಡಿಪೊ ಹೆಸರು ನೋಡಿ, ಒಳಗೆ ಕೂತವರು ಯಾವ ಊರಲ್ಲಿ ಹತ್ತಿದರೆಂದು ಹೇಳಲು ಬರುತ್ತದೆಯೇ? ಇದೂ ಹಾಗೆಯೇ. ರಾಯಬಾಗದ ಹೊಲದಲ್ಲಿ ನಿಂತು ನಿಮ್ಮದೇ ಐಪಿ ಹುಡುಕಿ ನೋಡಿ. ಕಂಪನಿ ಬೆಂಗಳೂರಿನಿಂದ ಇಂಟರ್ನೆಟ್ ಬಿಡುತ್ತಿದ್ದರೆ ನೀವೂ ಬೆಂಗಳೂರಿನವರಾಗಿರುತ್ತೀರಿ! ನಿಪ್ಪಾಣಿ, ಕಾಗವಾಡದ ಅಂಚಿನಲ್ಲಿ ಮಹಾರಾಷ್ಟ್ರದ ಟವರ್ ಸಿಗ್ನಲ್ಲೂ ಬರುತ್ತದೆ, ಮಹಾರಾಷ್ಟ್ರದ ಸಿಮ್ ಇಟ್ಟುಕೊಂಡವರೂ ಇದ್ದಾರೆ. ಅಲ್ಲಿ ಗೊಂದಲ ಇನ್ನೂ ಹೆಚ್ಚು.

ಇನ್ನೊಂದು ಕಾರಣವಿದೆ. ನಾಲ್ಕು ಅಂಕಿಗಳ ಹಳೆಯ ಮಾದರಿಯ ಐಪಿಗಳು ಇಡೀ ಜಗತ್ತಿಗೆ ಇರುವುದೇ ಸುಮಾರು 430 ಕೋಟಿ. ಸಾಲದ್ದಕ್ಕೆ ಮೊಬೈಲ್ ಕಂಪನಿಗಳು ಒಂದೇ ಐಪಿಯನ್ನು ಏಕಕಾಲಕ್ಕೆ ಅನೇಕರಿಗೆ ಹಂಚುತ್ತವೆ. ಸರಿಯಾದ ಸಮಯ ಮತ್ತು ಪೋರ್ಟ್ ಸಂಖ್ಯೆ ಇಲ್ಲದೆ ಕಂಪನಿಯೂ ಇವರೇ ಎಂದು ಖಚಿತವಾಗಿ ಹೇಳಲಾರದು.

ತಪ್ಪಿದರೆ ಏನಾಗುತ್ತದೆ? 2007ರಲ್ಲಿ ಆರ್ಕುಟ್‌ನಲ್ಲಿ ಶಿವಾಜಿ ಮಹಾರಾಜರಿಗೆ ಅವಮಾನ ಮಾಡಿದ ಆರೋಪದ ಮೇಲೆ ಪುಣೆ ಪೊಲೀಸರು ಬೆಂಗಳೂರಿನ ಇಂಜಿನಿಯರ್ ಒಬ್ಬರನ್ನು ಬಂಧಿಸಿದರು. ಸುಮಾರು 50 ದಿನ ಅವರು ಜೈಲಿನಲ್ಲಿದ್ದರು. ಆಮೇಲೆ ತಿಳಿದದ್ದು: ಆ ಐಪಿ ಅವರದಾಗಿರಲೇ ಇಲ್ಲ. ಅಮೆರಿಕದ ಕನ್ಸಾಸ್‌ನ ಒಂದು ಹೊಲದ ಮನೆಗೂ ವರ್ಷಗಟ್ಟಲೆ ಪೊಲೀಸರು ಬಂದರು. ಸರಿಯಾದ ಜಾಗ ತಿಳಿಯದ 60 ಕೋಟಿ ಐಪಿಗಳಿಗೆ ಒಂದು ಕಂಪನಿ ದೇಶದ ನಡುಮಧ್ಯದ ಗುರುತು ಕೊಟ್ಟಿತ್ತು, ಆ ಗುರುತು ಬಿದ್ದದ್ದು ಆ ಮನೆಯ ಮೇಲೆ. ಇದು ಬಯಲಾದದ್ದು 2016ರಲ್ಲಿ.

ಪೊಲೀಸರು, ಕಂಪನಿಗಳೇ ಎಡವಿದ ಕಡೆ ವಾಟ್ಸ್‌ಆ್ಯಪ್ ಗ್ರೂಪಿನ ಪತ್ತೇದಾರಿಕೆಗೆ ಏನು ಬೆಲೆ? ಶಿವಾಜಿ, ರಾಯಣ್ಣ, ಭಾಷೆ, ಗಡಿ ಎಂದರೆ ಥಟ್ಟನೆ ಬಿಸಿಯಾಗುವ ನೆಲ ನಮ್ಮದು. ಚಿಕ್ಕೋಡಿಯಿಂದ ಅಥಣಿಯವರೆಗೆ ಕನ್ನಡ, ಮರಾಠಿ ಮನೆಗಳು ಗೋಡೆಗೆ ಗೋಡೆ ಹಚ್ಚಿಕೊಂಡಿವೆ. ತಪ್ಪು ಸ್ಕ್ರೀನ್‌ಶಾಟ್ ಒಂದು ಯಾರ ಬಾಗಿಲಿಗೆ ಕಲ್ಲು ತರುತ್ತದೋ ಹೇಳಲಾಗದು.

‘ನಿಮ್ಮ ಐಪಿ ಸಿಕ್ಕಿದೆ, ಅರೆಸ್ಟ್ ಮಾಡುತ್ತೇವೆ, ದುಡ್ಡು ಹಾಕಿ’ ಎಂದು ಫೋನಿನಲ್ಲಿ ಹೆದರಿಸುವವರೂ ಇದ್ದಾರೆ. ಅದು ಮೋಸ. ಹಣ ಹೋಗಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ.

ಕೆಟ್ಟ ಪೋಸ್ಟ್ ಕಂಡರೆ ಅದರ ಲಿಂಕ್, ದಿನಾಂಕ, ಸಮಯ ಬರೆದಿಟ್ಟು ಪೊಲೀಸರಿಗೆ ಕೊಡಿ. ಕಂಪನಿಯ ದಾಖಲೆ ಕೇಳುವ ಅಧಿಕಾರ ಅವರಿಗಿದೆ. ಅವರೂ ಐಪಿಯೊಂದನ್ನೇ ನಂಬದೆ ಸಮಯ, ಪೋರ್ಟ್, ಬೇರೆ ಸಾಕ್ಷ್ಯಗಳನ್ನು ತಾಳೆ ನೋಡಿದ ಮೇಲೆಯೇ ಯಾರ ಮನೆಗಾದರೂ ಹೋಗಲಿ ಎಂಬುದು ನಮ್ಮ ಒತ್ತಾಯ. ಅಲ್ಲಿಯವರೆಗೆ ಸ್ಕ್ರೀನ್‌ಶಾಟ್ ನಿಮ್ಮ ಫೋನಿನಲ್ಲೇ ನಿಲ್ಲಲಿ, ಮುಂದೆ ಕಳಿಸಬೇಡಿ.