ನೆಟ್ಟು ನಿಂತು ನಿಂತು ಬಂದ್ರೆ ಪ್ಲಾನ್ ಏರಿಸ್ಬೇಡಿ, ಕ್ಯಾಲೆಂಡರಲ್ಲಿ ಬರೀರಿ

ಜಾವಗಲ್ಲಲ್ಲಿ ಈಗ ಯಾರ ಮನೆಗೆ ಹೋದ್ರೂ ನೀರು, ಕರೆಂಟು ಆದ್ಮೇಲೆ ಮೂರನೇ ದೂರು ನೆಟ್ಟಿಂದು. ಪೂರ್ತಿ ಹೋದ್ರೆ ಕಷ್ಟ ಇಲ್ಲ ಕಣ್ರೀ, ಫೋನ್ ಮಾಡಿದ್ರೆ ಹುಡುಗ ಬಂದು ಸರಿ ಮಾಡ್ತಾನೆ. ಬಂದೂ ಬರದಂಗೆ, ಹೋಗಿಯೂ ಹೋಗದಂಗೆ ಆಡ್ತದಲ್ಲ, ಅದೇ ತಲೆನೋವು. ಹುಡುಗ ಬರೋ ಹೊತ್ತಿಗೆ ಚೆನ್ನಾಗಿರ್ತದೆ. ಅವನು ಗಾಡಿ ಸ್ಟಾರ್ಟ್ ಮಾಡಿ ಹೊರಟ ಅಂದ್ರೆ ಮತ್ತೆ ಶುರು.

ಆಗ ಎಲ್ಲರೂ ಹೇಳೋ ಮದ್ದು ಒಂದೇ, ದೊಡ್ಡ ಪ್ಲಾನ್ ಹಾಕಿಸ್ಕೊಳ್ಳಿ ಅಂತ. ನಾನು ಇದನ್ನ ಒಪ್ಪಲ್ಲ. ತಿಂಗಳು ತಿಂಗಳು ಜಾಸ್ತಿ ದುಡ್ಡು ಕಟ್ಟೋಕೆ ಮುಂಚೆ ಒಂದು ವಾರ ಲೆಕ್ಕ ಇಡಿ. ಆ ಲೆಕ್ಕ ಇಡೋಕೆ ಮನೇಲಿರೋ ನಾವೇ ಸರಿ. ಬೆಳಗಿಂದ ರಾತ್ರಿವರೆಗೂ ಮನೇಲಿ ಏನು ಯಾವಾಗ ಕೆಡ್ತದೆ ಅಂತ ನಮಗಿಂತ ಚೆನ್ನಾಗಿ ಯಾರಿಗೆ ಗೊತ್ತು?

ಇದು ಬರೀ ಸೀರಿಯಲ್ ನೋಡೋ ವಿಷಯ ಆಗಿದ್ರೆ ನಾನು ಇಷ್ಟು ಬರೀತಿರಲಿಲ್ಲ. ನಮ್ಮ ಸೊಸೆ ಊರಲ್ಲಿದ್ದುಕೊಂಡೇ ಬೆಂಗಳೂರಿನ ಕೆಲಸ ಮಾಡ್ತಾಳೆ. ಮೀಟಿಂಗಲ್ಲಿ ಅವಳ ಮಾತು ಅರ್ಧಂಬರ್ಧ ಕೇಳಿಸಿದ್ರೆ ಆ ಕಡೆಯವರು ಎಷ್ಟು ದಿನ ತಡ್ಕೋತಾರೆ? ಆಫೀಸಿಗೇ ಬಂದ್ಬಿಡಿ ಅಂತಾರೆ. ಅವಳು ಹೊರಟ್ರೆ ಮೂರು ವರ್ಷದ ಮೊಮ್ಮಗಳೂ ಹೊರಡ್ತದೆ. ನಿಮ್ಮಲ್ಲೂ ಎಷ್ಟೋ ಮನೇಲಿ ಇದೇ ಕಥೆ ಅಲ್ವಾ?

ಮೊದಲು ಒಂದು ತಿಳ್ಕೊಳ್ಳಿ. ಸ್ಪೀಡು ಬೇರೆ, ತಡ ಬೇರೆ. ಡೈರಿ ಹಾಲಿನ ವ್ಯಾನು ನೋಡಿದ್ದೀರಲ್ಲ. ಅದರಲ್ಲಿ ಎಷ್ಟು ಕ್ಯಾನು ಹಿಡಿಸ್ತದೆ ಅನ್ನೋದು ಪ್ಲಾನು. ವ್ಯಾನು ಹೊತ್ತಿಗೆ ಸರಿಯಾಗಿ ಬರ್ತದಾ ಇಲ್ವಾ ಅನ್ನೋದು ತಡ. ಎಷ್ಟು ದೊಡ್ಡ ವ್ಯಾನಾದ್ರೂ ದಾರೀಲಿ ರೈಲ್ವೆ ಗೇಟು ಬಿದ್ರೆ ಹಾಲು ಒಡೀತದೆ. ವಿಡಿಯೋ ಕಾಲಿಗೆ ಎರಡು ಮೂರು ಎಂಬಿಪಿಎಸ್ ಇದ್ರೆ ಸಾಕು. ನಮ್ಮ ಸರ್ಕಾರ 2023ರಲ್ಲಿ ಬ್ರಾಡ್‌ಬ್ಯಾಂಡ್ ಅಂದ್ರೆ ಕಡಿಮೆ ಅಂದ್ರೂ 2 ಎಂಬಿಪಿಎಸ್ ಇರ್ಬೇಕು ಅಂತ ಮಾಡ್ತು. ಅದಕ್ಕೆ ಮುಂಚೆ 512 ಕೆಬಿಪಿಎಸ್ ಇತ್ತು. ನಾವು ದುಡ್ಡು ಕೊಡ್ತಿರೋದು ಇದರ ಎಷ್ಟೋ ಪಟ್ಟು ಜಾಸ್ತಿಗೆ. ಆದ್ರೆ ಮಾತು ಆ ಕಡೆ ತಲುಪೋಕೆ 150 ಮಿಲಿಸೆಕೆಂಡು ದಾಟ್ತಾ ಹೋದ್ರೆ ಒಬ್ಬರ ಮಾತಿನ ಮೇಲೆ ಒಬ್ಬರು ಮಾತಾಡೋ ಹಂಗೆ ಆಗೋಕೆ ಶುರುವಾಗ್ತದೆ. ಅದಕ್ಕೇ ಸ್ಪೀಡ್ ಟೆಸ್ಟ್ ಚೆನ್ನಾಗಿ ತೋರಿಸಿದ್ರೂ ಕಾಲ್ ಕಡಿದು ಕಡಿದು ಬರೋದು.

ಈಗ ಲೆಕ್ಕ ಇಡೋ ರೀತಿ. ಅಡುಗೆಮನೆ ಕ್ಯಾಲೆಂಡರಲ್ಲಿ ಹಾಲು, ಗ್ಯಾಸು ಬರೆಯೋ ಜಾಗದಲ್ಲೇ ನೆಟ್ಟು ಸಿಕ್ಕಾಕೊಂಡ ಹೊತ್ತು ಬರೀರಿ. ಆಗ ಯಾರು ಏನು ಮಾಡ್ತಿದ್ರು, ಕರೆಂಟು ಹೋಗಿ ಬಂತಾ, ಗಾಳಿ ಮಳೆ ಇತ್ತಾ, ಅದನ್ನೂ ಬರೀರಿ. ಕೆಟ್ಟ ತಕ್ಷಣ ರೂಟರ್ ಆಫ್ ಮಾಡಿ ಆನ್ ಮಾಡ್ಬೇಡಿ. ಸ್ವಲ್ಪ ಹೊತ್ತು ಸರಿಹೋಗ್ತದೆ ನಿಜ, ಆದ್ರೆ ಯಾಕೆ ಕೆಡ್ತು ಅನ್ನೋ ಗುರುತೂ ಅಳಿಸಿಹೋಗ್ತದೆ. ಮೊದಲು ಡಬ್ಬಿಯ ದೀಪ ನೋಡಿ. ಎಲ್‌ಓಎಸ್ ಅಂತ ಬರೆದಿರೋ ಕಡೆ ಕೆಂಪು ಮಿಣುಕ್ತಿದ್ರೆ ಹೊರಗಿಂದ ಬರೋ ಬೆಳಕೇ ಸರಿಯಾಗಿ ತಲುಪ್ತಿಲ್ಲ ಅಂತ ಅರ್ಥ.

ಆಮೇಲೆ ಒಂದೇ ಫೋನಲ್ಲಿ ಹಿಂಗಾ, ಎಲ್ಲದರಲ್ಲೂ ಹಿಂಗಾ ನೋಡಿ. ಒಂದರಲ್ಲೇ ಆದ್ರೆ ಆ ಫೋನಿಂದೇ ದೋಷ. ಎಲ್ಲದರಲ್ಲೂ ಆದ್ರೆ ರೂಟರ್ ಪಕ್ಕ ಹೋಗಿ ನಿಂತು ನೋಡಿ. ಅಲ್ಲಿ ಚೆನ್ನಾಗಿದ್ದು ಒಳಕೋಣೇಲಿ ಕೆಟ್ರೆ ಗೋಡೆ ಕಾರಣ. ನಮ್ಮ ಹಳೇ ಮನೆಗಳ ಮಣ್ಣಿನ ಗೋಡೆ ಮೊಳದಪ್ಪ ಇರ್ತವೆ, 5 ಗಿಗಾಹರ್ಟ್ಸ್ ವೈಫೈ ಅದನ್ನ ದಾಟೋಕೆ ಒದ್ದಾಡ್ತದೆ. 2.4 ದಾಟ್ತದೆ, ಆದ್ರೆ ಅಕ್ಕಪಕ್ಕದವರ ವೈಫೈ, ಬ್ಲೂಟೂತು, ಮೈಕ್ರೋವೇವ್ ಒಲೆ ಎಲ್ಲಾ ಅದೇ ದಾರೀಲಿ ನುಗ್ತವೆ. ರೂಟರನ್ನ ಟಿವಿ ಹಿಂದೆ, ಬೀರು ಮೇಲೆ ಬಚ್ಚಿಡದೆ ಮನೆ ನಡುವೆ ಎತ್ತರದಲ್ಲಿಡಿ.

ಕೊನೇದು ಪಿಂಗು. ಲ್ಯಾಪ್‌ಟಾಪಿಂದ ರೂಟರಿಗೆ ವೈರು ಹಾಕಿ, ಕಪ್ಪು ಕಿಟಕಿ ತೆರೆದು ಮೊದಲು ರೂಟರಿನ ನಂಬರಿಗೆ ಪಿಂಗ್ ಹೊಡೀರಿ. ಸುಮಾರು ಮನೆಗಳಲ್ಲಿ ಅದು 192.168.1.1 ಇರ್ತದೆ. ಆಮೇಲೆ 8.8.8.8ಕ್ಕೆ ಹೊಡೀರಿ. ಮೊದಲನೇದೇ ಏರಿ ಇಳಿದ್ರೆ ತೊಂದರೆ ಮನೆ ಒಳಗೆ. ಮೊದಲನೇದು ಒಂದೇ ಸಮ ಇದ್ದು ಎರಡನೇದು ಕುಣಿದ್ರೆ, ಮನೇಲಿ ಬೇರೆಲ್ಲ ಫೋನು, ಟಿವಿ ನೆಟ್ಟಿಂದ ತೆಗೆದು ಇನ್ನೊಂದ್ಸಲ ನೋಡಿ. ಆಗಲೂ ಕುಣಿದ್ರೆ ತೊಂದರೆ ಹೊರಗೆ.

ನಮ್ಮನೆ ಕ್ಯಾಲೆಂಡರು ಒಂದು ವಾರದಲ್ಲಿ ಎರಡು ಕಾರಣ ತೋರಿಸ್ತು. ರಾತ್ರಿ ಎಂಟರ ಮೇಲೆ ಕೆಡೋದು ಒಂದು. ಎಲ್ಲರೂ ಮನೆಗೆ ಬಂದ ತಕ್ಷಣ ಫೋನುಗಳು ದಿನದ ಫೋಟೋ, ವಿಡಿಯೋನೆಲ್ಲ ತಾವೇ ಮೇಲಕ್ಕೆ ಕಳಿಸೋಕೆ ಶುರು ಮಾಡ್ತಿದ್ವು. ಮೇಲಕ್ಕೆ ಹೋಗೋ ದಾರಿ ತುಂಬಿ, ಸೊಸೆಯ ಮಾತು ಹಿಂದೆ ಸಾಲಲ್ಲಿ ನಿಲ್ತಿತ್ತು. ಬ್ಯಾಕಪ್ಪನ್ನ ಮಲಗೋ ಹೊತ್ತಿಗೆ ಮಾಡ್ಕೊಳ್ಳೋ ಹಂಗೆ ಬದಲಾಯಿಸಿದ್ವಿ. ಖರ್ಚು ಒಂದು ಪೈಸೆ ಇಲ್ಲ. ಇನ್ನೊಂದು ಮಧ್ಯಾಹ್ನದ್ದು, ಅದೂ ಗಾಳಿ ಇದ್ದ ದಿನ ಮಾತ್ರ. ವೈರು ಹಾಕಿ, ಬೇರೆಲ್ಲ ಆಫ್ ಮಾಡಿ ನೋಡಿದ್ರೂ ಹೊರಗಿನ ಪಿಂಗು ಕುಣೀತಿತ್ತು.

ಕಂಪನಿಗೆ ಫೋನ್ ಮಾಡಿದ್ರೆ ಆ ಕಡೆಯವನು, "ಮನೇಲಿ ಯಾರಾದ್ರೂ ಗಂಡಸರಿದ್ರೆ ಕೊಡಿ ಮೇಡಂ, ನಿಮಗೆ ಗೊತ್ತಾಗಲ್ಲ" ಅಂದ. ನಾನು ಕ್ಯಾಲೆಂಡರ್ ಕೈಯಲ್ಲಿ ಹಿಡ್ಕೊಂಡು ತಾರೀಖು, ಗಂಟೆ, ಪಿಂಗು, ಕೆಂಪು ದೀಪ ಒಂದೊಂದೇ ಓದಿದೆ. ಸ್ವಲ್ಪ ಹೊತ್ತು ಸದ್ದೇ ಇಲ್ಲ. ಮಾರನೇ ದಿನ ಹುಡುಗ ಬಂದು, ಈ ಸಲ ಮನೆ ಒಳಗೆ ಬರದೆ ಸೀದಾ ಕಂಬ ಹತ್ತಿದ. ತೆಂಗಿನ ಗರಿ ಬಿದ್ದು ಕೇಬಲ್ಲು ಜೋಡಣೆ ಹತ್ರ ಮಡಚಿಕೊಂಡಿತ್ತಂತೆ. ಫೈಬರ್ ಒಳಗೆ ಗಾಜಿನ ಎಳೆ ಇರ್ತದೆ, ಜೋರಾಗಿ ಮಡಚಿದ್ರೆ ಬೆಳಕು ಸೋರ್ತದೆ. ಗಾಳಿಗೆ ಅಲ್ಲಾಡಿದಾಗೆಲ್ಲ ಸೋರ್ತಿತ್ತು. ಇದಕ್ಕೆ ದೊಡ್ಡ ಪ್ಲಾನ್ ಹಾಕಿಸಿದ್ರೆ ಏನು ಬರ್ತಿತ್ತು ಹೇಳಿ!

ದುಡ್ಡು ಕೊಟ್ಟಿದ್ದೀವಿ, ಇದೆಲ್ಲ ಹುಡುಕೋದು ಅವರ ಕೆಲಸ ಅಂತ ನಮ್ಮ ವಾರಗಿತ್ತಿ ಅಂತಾರೆ. ಅದೂ ನಿಜಾನೇ. ಊರೂರಿನ ಪಂಚಾಯ್ತಿಗೆ ಫೈಬರ್ ಎಳೀಬೇಕು ಅಂತ ಸರ್ಕಾರ 2011ರಲ್ಲೇ ಹೊರಟಿತು, 2015ರಲ್ಲಿ ಅದಕ್ಕೆ ಭಾರತ್‌ನೆಟ್ ಅಂತ ಹೆಸರಿಟ್ಟಿತು. ಸರ್ಕಾರದ್ದಾಗಲಿ ಖಾಸಗಿಯಾಗಲಿ, ಎಳೆದ ತಂತಿ ನೋಡ್ಕೊಳ್ಳೋ ಹೊಣೆ ಎಳೆದವರದ್ದೇ. ಆದ್ರೆ ಬಿಟ್ಟು ಬಿಟ್ಟು ಬರೋ ಜ್ವರಕ್ಕೆ ಡಾಕ್ಟ್ರೂ ಮೊದಲು ಕೇಳೋದು ಯಾವಾಗ ಬರ್ತದೆ ಅಂತ. ಆ ಉತ್ತರ ರೋಗಿ ಮನೆಯವರ ಹತ್ರಾನೇ ಇರೋದು. ಅದನ್ನ ಕೊಟ್ಟು ಕೆಲಸ ಮಾಡಿಸ್ಕೊಂಡ್ರೆ ನಮ್ಮ ಮರ್ಯಾದೆ ಏನೂ ಕಮ್ಮಿ ಆಗಲ್ಲ.

ಸಾಂಬಾರಿಗೆ ಉಪ್ಪು ಕಮ್ಮಿ ಆದ್ರೆ ಯಾರಾದ್ರೂ ದೊಡ್ಡ ಪಾತ್ರೆ ತರ್ತೀವಾ? ರುಚಿ ನೋಡಿ ತಾನೇ ಸರಿ ಮಾಡೋದು. ಇದೂ ಹಂಗೇ. ಈ ವಾರಾನೇ ಶುರು ಮಾಡಿ. ನಿಮ್ಮನೆ ಕ್ಯಾಲೆಂಡರು ಏನು ಹೇಳ್ತು ಅಂತ ನನಗೂ ತಿಳಿಸಿ.