ಎರಡು ಬೆರಳಿನ ಜಾಗ

ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂಬುದು ಹಿರಿಯರು ಮನುಷ್ಯರಿಗೆ ಹೇಳಿದ ಬುದ್ಧಿಮಾತು. ಕಾಫಿಸೀಮೆಯಲ್ಲಿ ಈ ಮಾತು ಒಂದು ಕಬ್ಬಿಣದ ದಂಡಕ್ಕೂ ಸಲ್ಲುತ್ತದೆ. ಟ್ರ್ಯಾಕ್ಟರಿನ ಬೆನ್ನಿನಿಂದ ಹೊರಟು, ಹಿಂದೆ ಜೋಡಿಸಿದ ಯಂತ್ರಕ್ಕೆ ಎಂಜಿನ್ನಿನ ಬಲವನ್ನು ಮುಟ್ಟಿಸುವ ಈ ದಂಡಕ್ಕೆ ಪಿ.ಟಿ.ಓ. ಶಾಫ್ಟ್ ಎಂದು ಹೆಸರು. ಬೆಳಗಿನ ಕಾಫಿಯನ್ನು ಹೀರುತ್ತ ವಾರಪತ್ರಿಕೆಯನ್ನು ತೆರೆಯುವ ನಗರದ ವಾಚಕರಲ್ಲಿ ಅನೇಕರು ಇದನ್ನು ಕಂಡಿರಲಾರರು. ಆದರೆ ಆ ಕಾಫಿಯ ಹಿಂದಿನ ದುಡಿಮೆಯಲ್ಲಿ ಇದಕ್ಕೂ ಒಂದು ಪಾಲು ಉಂಟು, ಅಪಾಯದಲ್ಲಿಯೂ ಉಂಟು.

ಚಿಕ್ಕಮಗಳೂರು, ಮೂಡಿಗೆರೆ, ಕಳಸದ ಗುಡ್ಡಗಳಲ್ಲಿ ಬೇಸಗೆಯ ಮೊದಲ ಮಳೆಗಳು ಬಿದ್ದು ನೆಲ ಮೆತ್ತಗಾದೊಡನೆ ಗುಂಡಿಯ ಕೆಲಸ ಮೊದಲಾಗುತ್ತದೆ. ಒಂದೂವರೆ ಅಡಿ ಉದ್ದ, ಅಷ್ಟೇ ಅಗಲ, ಅಷ್ಟೇ ಆಳ: ಕಾಫಿಯ ಗುಂಡಿಗೆ ಇದು ವಾಡಿಕೆಯ ಅಳತೆ. ಮುಂಗಾರು ಹಿಡಿಯುವುದರೊಳಗೆ ಗುಂಡಿಗಳು ಸಿದ್ಧವಾಗಿರಬೇಕು. ಹಾರೆ ಗುದ್ದಲಿಗಳಿಂದ ನಡೆಯುತ್ತಿದ್ದ ಈ ಕೆಲಸವನ್ನು, ಆಳುಗಳು ಸಿಕ್ಕುವುದು ಕಷ್ಟವಾದ ಮೇಲೆ, ಟ್ರ್ಯಾಕ್ಟರ್ ಇಳಿಯಬಲ್ಲ ತೋಟಗಳಲ್ಲಿ ದೊಡ್ಡ ಬೈರಿಗೆಯಂತಹ ಗುಂಡಿಯಂತ್ರವು ವಹಿಸಿಕೊಂಡಿದೆ. ಆ ಬೈರಿಗೆಯನ್ನು ತಿರುಗಿಸುವುದೇ ಈ ದಂಡ.

ಮೂಡಿಗೆರೆಯ ಕಡೆಯ ಒಂದು ಕುಲುಮೆಯಂಗಡಿಯನ್ನು ವಾಚಕರು ಊಹಿಸಿಕೊಳ್ಳಬಹುದು. ತಿದಿಯ ಕಾಲ ಹೋಗಿ ವೆಲ್ಡಿಂಗಿನ ಕಾಲ ಬಂದಿದ್ದರೂ ಅಂಗಡಿಯ ಯಜಮಾನರು ಊರವರ ಬಾಯಲ್ಲಿ ಇನ್ನೂ ಆಚಾರ್ರೇ. ಏಪ್ರಿಲಿನ ಒಂದು ಬೆಳಿಗ್ಗೆ, ಬೆಂಗಳೂರಿನಲ್ಲಿ ಓದು ಮುಗಿಸಿ ತೋಟಕ್ಕೆ ಹಿಂದಿರುಗಿದ ತರುಣನೊಬ್ಬ ಜೀಪಿನಿಂದ ದಂಡವನ್ನು ಇಳಿಸಿದ.

“ಆಚಾರ್ರೇ, ಹೊಸ ಸಣ್ಣ ಟ್ರ್ಯಾಕ್ಟರಿಗೆ ಇದು ಉದ್ದ ಆಗುತ್ತೆ. ನಾಲ್ಕಂಗುಲ ಕುಯ್ದು ಕೊಡಿ. ಮಧ್ಯಾಹ್ನಕ್ಕೆ ಗುಂಡಿ ಶುರು ಮಾಡಬೇಕು.”

ಆಚಾರ್ರು ದಂಡವನ್ನು ನೋಡಲಿಲ್ಲ. ಜೀಪಿನ ಹಿಂದಕ್ಕೆ ನೋಡಿದರು. “ಟ್ರ್ಯಾಕ್ಟರ್ ಎಲ್ಲಿ, ಸಣ್ಣಗೌಡ್ರೇ?”

“ತೋಟದಲ್ಲಿದೆ.”

“ಅಂಗಿ ಹೊಲಿಸೋಕೆ ಬಟ್ಟೆ ತಂದಿದೀರಿ, ಮೈ ಮನೇಲಿ ಬಿಟ್ಟು ಬಂದಿದೀರಿ,” ಎಂದು ನಕ್ಕು ಅವರು ಗರಗಸ, ಅರ, ಅಳತೆಯ ಟೇಪುಗಳನ್ನು ಚೀಲಕ್ಕೆ ಹಾಕಿಕೊಂಡು ತಾವೇ ಜೀಪನ್ನು ಹತ್ತಿದರು.

ಅವರ ಹಟದಲ್ಲಿ ಅರ್ಥವಿದ್ದಿತು. ಈ ದಂಡವು ಒಂದೇ ತುಂಡಲ್ಲ. ಒಂದರೊಳಗೊಂದು ಜಾರುವ ಎರಡು ಕೊಳವೆಗಳು. ಎರಡು ತುದಿಗಳಲ್ಲಿಯೂ ಎತ್ತ ಬೇಕಾದರೂ ಬಾಗುವ ಕೀಲು. 16ನೆಯ ಶತಮಾನದ ಇಟಲಿಯ ವಿದ್ವಾಂಸ ಕಾರ್ಡಾನೊ ಮತ್ತು 17ನೆಯ ಶತಮಾನದ ಇಂಗ್ಲೆಂಡಿನ ವಿಜ್ಞಾನಿ ಹುಕ್ ಇವರ ಹೆಸರುಗಳು ಈ ಕೀಲಿಗೆ ಅಂಟಿಕೊಂಡಿವೆ. ಯಂತ್ರವನ್ನು ಮೇಲಕ್ಕೆತ್ತಿದಾಗ ಒಂದು ದೂರ, ನೆಲಕ್ಕೆ ಇಳಿಸಿದಾಗ ಮತ್ತೊಂದು ದೂರ. ಆ ವ್ಯತ್ಯಾಸವನ್ನು ನುಂಗಿಕೊಳ್ಳಲೆಂದೇ ಕೊಳವೆಗಳು ಜಾರುತ್ತವೆ. ಟ್ರ್ಯಾಕ್ಟರ್ ಬದಲಾದರೆ ಈ ದೂರಗಳೂ ಬದಲಾಗುತ್ತವೆ.

ದಂಡ ಉದ್ದವಾದರೆ ಯಂತ್ರವನ್ನು ಎತ್ತುವಾಗ ಕೊಳವೆಗಳು ಪೂರ್ತಿ ಒಳಸರಿದು, ಮುಂದೆ ಜಾರಲು ಎಡೆಯಿಲ್ಲದೆ, ಗೂಟ ಬಡಿದಂತೆ ಎರಡು ಕಡೆಗೂ ಒತ್ತುತ್ತವೆ. ಟ್ರ್ಯಾಕ್ಟರಿನ ಬೇರಿಂಗೋ ಯಂತ್ರದ ಗೇರ್‌ಬಾಕ್ಸೋ ಒಡೆಯುತ್ತದೆ. ದಂಡ ಗಿಡ್ಡವಾದರೆ ಇನ್ನೂ ಕೆಡುಕು. ತಿರುಗುತ್ತಿರುವಾಗಲೇ ಕೊಳವೆಗಳು ಕಳಚಿಕೊಂಡು, ಅರ್ಧ ದಂಡವು ಕಬ್ಬಿಣದ ಚಾಟಿಯಾಗಿ ಬೀಸತೊಡಗುತ್ತದೆ. ಮೊದಲನೆಯದರಲ್ಲಿ ಹೋಗುವುದು ಬಹುಮಟ್ಟಿಗೆ ಹಣ. ಎರಡನೆಯದರಲ್ಲಿ ಪ್ರಾಣವೂ ಹೋಗಬಹುದು.

ತೋಟದ ಕಣದಲ್ಲಿ ಆಚಾರ್ರು ಮೊದಲು ಎಂಜಿನ್ನನ್ನು ನಿಲ್ಲಿಸಿ ಬೀಗದ ಕೈಯನ್ನು ಕಿಸೆಗೆ ಹಾಕಿಕೊಂಡರು. ಗುಂಡಿಯಂತ್ರವನ್ನು ಎತ್ತರದಲ್ಲಿ, ನಡುವೆ, ಕೊನೆಗೆ ಬೈರಿಗೆ ಗುಂಡಿಯ ತಳ ಮುಟ್ಟುವ ಮಟ್ಟದಲ್ಲಿ ನಿಲ್ಲಿಸಿ, ಎತ್ತಿದಾಗಲೆಲ್ಲ ಅಡಿಗೆ ಮರದ ದಿಮ್ಮಿಯ ಆಸರೆ ಕೊಟ್ಟು, ಎರಡು ಅಚ್ಚುಗಳ ನಡುವಿನ ದೂರವನ್ನು ಅಳೆದರು. ಅತಿ ಕಡಿಮೆ ದೂರ ಬಂದ ಸ್ಥಿತಿಯಲ್ಲಿ ಯಂತ್ರವನ್ನು ನಿಲ್ಲಿಸಿ, ದಂಡದ ಎರಡು ಪಾಲುಗಳನ್ನು ಬಿಡಿಸಿ, ಒಂದನ್ನು ಟ್ರ್ಯಾಕ್ಟರಿಗೂ ಇನ್ನೊಂದನ್ನು ಯಂತ್ರಕ್ಕೂ ಸಿಕ್ಕಿಸಿ, ಪಕ್ಕಪಕ್ಕದಲ್ಲಿ ಹಿಡಿಸಿದರು. ಒಂದರ ತುದಿ ಎದುರಿನದರ ಬುಡವನ್ನು ಮುಟ್ಟಬಾರದು. ಎರಡು ಬೆರಳಿನ ಜಾಗ, ಎಂದರೆ ಸುಮಾರು ಒಂದೂವರೆ ಅಂಗುಲ, ಉಳಿಯಬೇಕು. ಯಂತ್ರದ ಕೈಪಿಡಿ ಬೇರೆ ಅಂಕಿ ಹೇಳಿದರೆ ಅದೇ ಪ್ರಮಾಣ. ಹಾಗೆ ಗುರುತು ಹಾಕಿದಾಗ ಕತ್ತರಿಸಬೇಕಾದುದು ಪ್ರತಿಯೊಂದರಲ್ಲಿ ಎರಡೂವರೆ ಅಂಗುಲ ಮಾತ್ರ ಎಂದು ತಿಳಿಯಿತು.

“ನಾಲ್ಕು ಕುಯ್ದಿದ್ದರೆ ಏನಾಗ್ತಿತ್ತು? ಒಂದೂವರೆ ಅಂಗುಲ ತಾನೆ?” ಎಂದ ತರುಣ.

“ಒಂದೂವರೆ ಅಲ್ಲ, ಮೂರು. ಎರಡು ಕೊಳವೆಯಲ್ಲೂ ಕುಯ್ಯಬೇಕಲ್ಲ!”

ತರುಣ ಕಾಗದದ ಮೇಲೆ ಲೆಕ್ಕ ಹಾಕಿದ. ಯಂತ್ರ ಅತಿ ದೂರಕ್ಕೆ ಸರಿದಾಗಲೂ ಕೊಳವೆಯ ಮೂರನೆಯ ಒಂದು ಪಾಲಾದರೂ ಒಂದರೊಳಗೊಂದು ಹುದುಗಿರಬೇಕು. ಎರಡೂವರೆ ಅಂಗುಲ ಕತ್ತರಿಸಿದರೆ ಇಪ್ಪತ್ತೆರಡು ಅಂಗುಲದ ಕೊಳವೆಯಲ್ಲಿ ಒಂಬತ್ತು ಅಂಗುಲ ಹುದುಗಿರುತ್ತಿತ್ತು, ಬೇಕಾದುದು ಏಳೂವರೆಯೊಳಗೆ. ನಾಲ್ಕು ಕತ್ತರಿಸಿದ್ದರೆ ಉಳಿಯುತ್ತಿದ್ದುದು ಆರೇ ಅಂಗುಲ. ಬೇಕಾದುದು ಸುಮಾರು ಏಳು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂಬ ಗಾದೆಯ ಸಾಲಿಗೆ ಕೊಳವೆಯೂ ಸೇರುತ್ತದೆಂದು ಅವನಿಗೆ ಆಗ ತೋರಿತು.

ಗರಗಸದ ಕೆಲಸ ಮುಗಿದ ಮೇಲೆ ಆಚಾರ್ರು ಅಂಚುಗಳನ್ನು ಅರದಿಂದ ಉಜ್ಜಿ, ಪುಡಿಯನ್ನು ಒರೆಸಿ, ಗ್ರೀಸು ಬಳಿದರು. ಎರಡು ತುದಿಗಳ ಕವಲುಗಳು ಒಂದೇ ಸಾಲಿನಲ್ಲಿ ಇರುವಂತೆ ಕೊಳವೆಗಳನ್ನು ಕೂಡಿಸಿದರು. ಬಾಗಿ ತಿರುಗುವ ಕೀಲು ಪ್ರತಿ ಸುತ್ತಿನಲ್ಲಿಯೂ ಎರಡು ಸಲ ವೇಗ ಹೆಚ್ಚಿಸಿ ಎರಡು ಸಲ ತಗ್ಗಿಸುತ್ತದೆ. ಕವಲುಗಳು ಸಾಲಾಗಿದ್ದರೆ ಒಂದು ಕೀಲಿನ ಕುಂಟನ್ನು ಇನ್ನೊಂದು ಸರಿಪಡಿಸುತ್ತದೆ. ತಪ್ಪಿದರೆ ದಂಡವು ನಡುಗುತ್ತದೆ.

ಉಳಿದದ್ದು ಪ್ಲಾಸ್ಟಿಕ್ಕಿನ ಕವಚ. “ಇದನ್ನೂ ಅಷ್ಟೇ ಕುಯ್ಯಬೇಕಾ? ತೆಗೆದುಬಿಟ್ಟರೆ ಆಗೋದಿಲ್ವಾ?” ಎಂದು ಕೇಳಿದ ತರುಣ.

“ಗುಂಡಿ ತೋಡೋವಾಗ ಹತ್ತಿರ ಯಾರು ನಿಲ್ತಾರೆ?”

“ನಮ್ಮ ಆಳು.”

“ಅವರ ಹೆಸರು?”

ತರುಣ ಹೆಸರನ್ನು ಹೇಳಿದ. ಹೇಳಿದ ಮೇಲೆ ಕವಚವನ್ನು ತೆಗೆಯುವ ಮಾತನ್ನು ಎತ್ತಲಿಲ್ಲ.

ದಂಡದ ರೂಢಿಯ ವೇಗ ನಿಮಿಷಕ್ಕೆ 540 ಸುತ್ತು, ಸೆಕೆಂಡಿಗೆ ಒಂಬತ್ತು. ಎರಡಂಗುಲ ದಪ್ಪದ ಬರಿಯ ದಂಡಕ್ಕೆ ಸೀರೆಯ ಸೆರಗೋ ಪಂಚೆಯ ಚುಂಗೋ ಸಿಕ್ಕಿದರೆ, ಒಂದು ಸೆಕೆಂಡಿನಲ್ಲಿ ಸುಮಾರು ಒಂದೂವರೆ ಗಜ ಬಟ್ಟೆ ಸುತ್ತಿಹೋಗುತ್ತದೆ. ಕೂಗುವುದಕ್ಕೂ ಸಮಯವಿಲ್ಲ. ಒಕ್ಕಣೆಯಂತ್ರಗಳಂತಹ ಕೃಷಿಯಂತ್ರಗಳಿಗೆ ಕೈಕಾಲು ಕೊಟ್ಟವರ ಕಷ್ಟವು ದೆಹಲಿಗೂ ಮುಟ್ಟಿ, 1983ರಲ್ಲಿ ಸಂಸತ್ತು ಅಪಾಯಕಾರಿ ಯಂತ್ರಗಳ ನಿಯಂತ್ರಣಕ್ಕೆ ಕಾಯಿದೆಯನ್ನೇ ಮಾಡಿತು. ಆದರೆ ತೋಟದ ಮೂಲೆಯಲ್ಲಿ ಕಾಯಿದೆಗಿಂತ ಮೊದಲು ಕೈಗೆ ಬರುವುದು ಕವಚ. ಅದೂ ಕೊಳವೆಯಷ್ಟೇ ಗಿಡ್ಡವಾಗಿ ತನ್ನ ಜಾಗಕ್ಕೆ ಮರಳಿತು. ಅದು ದಂಡದೊಡನೆ ತಿರುಗದಂತೆ ಹಿಡಿಯುವ ಸಣ್ಣ ಸರಪಳಿಯನ್ನೂ ಕೊಂಡಿಗೆ ಸಿಕ್ಕಿಸಿದರು.

ಗುಂಡಿಯ ಕೆಲಸ ಮಧ್ಯಾಹ್ನಕ್ಕೆ ಆರಂಭವಾಗಲಿಲ್ಲ. ಮರುದಿನ ಬೆಳಿಗ್ಗೆ ಆರಂಭವಾಯಿತು. ಮುಂಗಾರಿಗೆ ಇದರಿಂದ ಏನೂ ತಡವಾಗಲಿಲ್ಲ.

ವಾರ ಕಳೆದು ಪಕ್ಕದ ತೋಟದವರು ಬಂದು, ಎರಡು ದಿನದ ಮಟ್ಟಿಗೆ ಗುಂಡಿಯಂತ್ರವನ್ನು ಕೊಡಬಹುದೇ ಎಂದು ಕೇಳಿದರು.

“ಅದಕ್ಕೇನಂತೆ, ಕೊಡೋಣ,” ಎಂದ ತರುಣ. “ಮೊದಲು ನಿಮ್ಮ ಟ್ರ್ಯಾಕ್ಟರನ್ನ ಒಮ್ಮೆ ಇಲ್ಲಿಗೆ ತನ್ನಿ.”